ಅಪ್ಪನ ಪೆಟ್ಟಿಗೆಯಲ್ಲಿ ಮೆಲಿತೋನನ ದನಿ

ಪೋರ್ತಾಲೆಸ್, ಮೆಕ್ಸಿಕೋ ನಗರ
೧೬ ಅಕ್ಟೋಬರ್ ೧೯೮೮, ಭಾನುವಾರ

ಪ್ರೀತಿಯ ಕುಕಾ ಅಕ್ಕನಿಗೆ,

ಹೇಗಿದ್ದೀಯ? ಮೊಣಕಾಲಿನ ನೋವು ಇಳಿಯಿತೇ? ಸಿಹಿಗೆಣಸಿನ ಪಾಕ ಸಿಡಿದು ಕೈ ಸುಟ್ಟಿತು ಎಂದು ಬರೆದಿದ್ದೆಯಲ್ಲ, ಮಾಯಿತೇ? ಆ ಕಲ್ಲು ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡ ಎಂದು ಎಷ್ಟು ಸಲ ಹೇಳುವುದು? ನಾನು ಹೊಲಿದು ಕಳಿಸಿದ ಉಣ್ಣೆಯ ಕಾಲುಚೀಲವನ್ನು ಇನ್ಯಾರೋ ಮುದುಕಿಗೆ ದಾನ ಮಾಡಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಒಳಹೊಕ್ಕವರು ಹೊರಬರದ ಆ ಮಠದಲ್ಲಿ ನಿನಗೆ ಮಾರುದ್ದದ ಹೆಸರಿಟ್ಟು ಮೂವತ್ತೈದು ವರ್ಷವಾಯಿತು. ಲಕೋಟೆಯ ಮೇಲೆ ಅದನ್ನೇ ಬರೆದಿದ್ದೇನೆ, ಒಳಗೆ ಮಾತ್ರ ನೀನು ಕುಕಾ. ಈ ಪತ್ರವನ್ನು ನಿನಗಿಂತ ಮೊದಲು ಓದುವ ಮದರ್ ಅವರಿಗೂ ನನ್ನ ನಮಸ್ಕಾರ. ತಾಯಿ, ಇದು ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕೊನೆಯವರೆಗೂ ಓದಿ.

ನಾನು ಹಾಗೇ ಇದ್ದೇನೆ. ಶಾಲೆಗಳು ಶುರುವಾದವು, ಸಮವಸ್ತ್ರದ ಹೊಲಿಗೆ ಕೆಲಸ ಮುಗಿಯಿತು, ಈಗ ಒಂದೆರಡು ಮದುವೆ ಕೋಟು ಮಾತ್ರ. ಅಮ್ಮನ ವಿಷಯ ಬರೆಯಲು ಕೈ ಏಳುತ್ತಿಲ್ಲ. ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದುಬಿಟ್ಟಿದೆ ಎಂದು ನಿನಗೆ ಗೊತ್ತು. ಆಗಸ್ಟಿನಿಂದ ಎದೆಯೂ ಸೋತಿದೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಅದೂ ನನ್ನ ಹೆಗಲು ಹಿಡಿದು. ನೀನು ಪ್ರತಿ ಪತ್ರದಲ್ಲೂ ಅಮ್ಮ ನನ್ನ ಬಗ್ಗೆ ಏನಾದರೂ ಕೇಳಿದಳೇ ಎಂದು ಬರೆಯುತ್ತೀಯ. ನಾನು ಅಮ್ಮ ಚೆನ್ನಾಗಿ ಊಟ ಮಾಡುತ್ತಿದ್ದಾಳೆ ಎಂದು ಉತ್ತರ ಕೊಡುತ್ತೇನೆ. ಇವತ್ತು ನಿಜ ಹೇಳುತ್ತೇನೆ. ಕೇಳಿರಲಿಲ್ಲ ಅಕ್ಕಾ. ಮೆಲಿತೋನಣ್ಣ ಗಡಿ ದಾಟಿ ಟೆಕ್ಸಾಸಿಗೆ ಹತ್ತಿ ಬಿಡಿಸಲು ಹೋಗಿ ಸುದ್ದಿಯೇ ಇಲ್ಲದಂತಾದ ಮೇಲೆ, ಎರಡೇ ವರ್ಷಕ್ಕೆ ನೀನು ಮಠ ಸೇರಿದೆ. ಆ ದಿನ ಅವಳು ಒಲೆಯ ಮುಂದೆ ನಿಂತು, “ಒಬ್ಬನ್ನ ಉತ್ತರದವ್ರು ನುಂಗಿದ್ರು, ಇವ್ಳು ತಾನಾಗೇ ಹೋಗಿ ಗೋಡೆಯೊಳಗೆ ಸೇರ್ಕೊಂಡ್ಲು” ಅಂದಳು. ಆಮೇಲೆ ನಿನ್ನ ಹೆಸರು ಎತ್ತಿದ್ದಿಲ್ಲ. ನಿನ್ನ ಪತ್ರ ಓದಿ ಹೇಳಲು ಹೋದರೆ ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ಕೂರುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಡಾಕ್ಟರು ಬಂದು ಹೋದ ಮರುದಿನ ಅಮ್ಮ ನನ್ನನ್ನು ಕರೆದು, “ನಬೋರ್, ಕಣ್ಣಂತೂ ಹೋಯ್ತು. ಕಿವಿ ಹೋಗೋಕ್ ಮುಂಚೆ ನನ್ ಮಗನ ದನಿ ಒಂದ್ಸಲ ಕೇಳಿಸ್ಬಿಡು” ಅಂದಳು. ನಿನಗೆ ನೆನಪಿರಬೇಕು, ಮೆಲಿತೋನ್ ಹೊರಟ ದಿನ ರೈಲು ನಿಲ್ದಾಣದ ಎದುರಿನ ಫೋಟೋದವನ ಅಂಗಡಿಯಲ್ಲಿ ತನ್ನ ದನಿಯ ಒಂದು ರೆಕಾರ್ಡು ಕೊರೆಸಿ, ಆ ಅಂಗಡಿಯವನ ಕೈಯಲ್ಲೇ ಮನೆಗೆ ಕಳಿಸಿದ್ದ. ಅಪ್ಪ ತಂದಿಟ್ಟಿದ್ದ ದೊಡ್ಡ ಪೆಟ್ಟಿಗೆಯಲ್ಲಿ, ಅದೇ, ಮೇಲೆ ರೇಡಿಯೋ, ಕೆಳಗೆ ತಾನಾಗಿಯೇ ಒಂದರ ಮೇಲೊಂದು ರೆಕಾರ್ಡು ಬೀಳಿಸುವ ಯಂತ್ರ, ಅದರಲ್ಲಿ ಹಾಕಿ ಎಲ್ಲರೂ ಕೇಳಿದೆವು. ಐವತ್ತೇಳರ ಭೂಕಂಪದಲ್ಲಿ ಪೆಟ್ಟಿಗೆಯ ಮೇಲೆ ಗೋಡೆಯ ಗಾರೆ ಕುಸಿದ ಮೇಲೆ ಅದು ಬಾಯಿ ಮುಚ್ಚಿತು, ಹಿಂದಿನ ಕೋಣೆಗೆ ಹೋಯಿತು, ಅದರ ಮೇಲೆ ನನ್ನ ಬಟ್ಟೆ ತಾನುಗಳು ಏರಿದವು. ರೆಕಾರ್ಡನ್ನು ಅಮ್ಮ ತನ್ನ ಮದುವೆಯ ಶಾಲಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಯಾರದಾದರೂ ಹೊಸ ಯಂತ್ರ ಎರವಲು ತರುತ್ತೇನೆ ಎಂದರೆ, “ಕಂಡೋರ ಮನೆ ಪೆಟ್ಟಿಗೇಲಿ ನನ್ ಮಗ ಬಾಯಿ ಬಿಡಲ್ಲ” ಎನ್ನುತ್ತಿದ್ದಳು. ಮಗ ಬದುಕಿದ್ದಾನೆ ಎಂದೇ ಅವಳ ಹಟ. ನವೆಂಬರ್ ಮೊದಲಲ್ಲಿ ಬರುವ ಸತ್ತವರ ಹಬ್ಬಕ್ಕೆ ಪ್ರತಿ ವರ್ಷ ಅಪ್ಪನ, ಅಜ್ಜಿಯ, ಸತ್ತ ನಾಯಿಯ ಫೋಟೋಗೂ ಪೀಠದ ಮೇಲೆ ಜಾಗ ಉಂಟು. ಮೆಲಿತೋನನ ಫೋಟೋ ಅಲ್ಲಿಡಲು ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುವಳು.

ಹೀಗೆ ಐವತ್ತನೆಯ ವಯಸ್ಸಿನಲ್ಲಿ ನಾನು ರೇಡಿಯೋ ರಿಪೇರಿಗೆ ಇಳಿದೆ. ಕತ್ತರಿಸುವ ಮೇಜಿನ ಮೇಲೆ ಪೆಟ್ಟಿಗೆಯ ಕರುಳನ್ನೆಲ್ಲ ಹರವಿದೆ. ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು, ಹಾಸಿಗೆಗೆ ನಿನ್ನ ಪ್ರಾರ್ಥನೆ ಪುಸ್ತಕದ ಹಾಳೆ! ವಾಲ್ವುಗಳಲ್ಲಿ ಎರಡು ಮಾತ್ರ ಬದುಕಿದ್ದವು, ಉಳಿದವನ್ನು ಲಗುನೀಯಾ ಸಂತೆಯಲ್ಲಿ ನಾಲ್ಕು ಭಾನುವಾರ ಅಲೆದು ಹುಡುಕಿದೆ. ಮೇಣ ಸುರಿದುಹೋಗಿದ್ದ ಕಂಡೆನ್ಸರುಗಳನ್ನು ನಮ್ಮ ಓಣಿಯ ಎಲೆಕ್ಟ್ರಿಷಿಯನ್ ದೋನ್ ಎಲಾದಿಯೋ ಕೂತು ಬದಲಿಸಿಕೊಟ್ಟ. ರೆಕಾರ್ಡು ತಿರುಗಿಸುವ ರಬ್ಬರಿನ ಗಾಲಿ ಬೆಲ್ಲದ ಹಾಗೆ ಕರಗಿ ಅಂಟಿತ್ತು. ಅದನ್ನು ಕೆರೆದು, ಹಳೆಯ ಹೊಲಿಗೆ ಯಂತ್ರದ ರಬ್ಬರು ಸುತ್ತಿ ನಾನೇ ಹೊಸದು ಮಾಡಿದೆ. ಮುಂಭಾಗದ ಬಟ್ಟೆಗೆ ಮದುವೆ ಕೋಟಿನ ಅಸ್ತರು ಹೊಲಿದೆ, ಮದುಮಗನಿಗೆ ಹೇಳಬೇಡ. ಎಲಾದಿಯೋ ನನ್ನ ಮಡಿಕೆ ನೋಡಿ, “ಏನ್ ಟೈಲರ್ ಮೇಷ್ಟ್ರೇ, ರೇಡಿಯೋಗೂ ಜೇಬು ಇಟ್ಟಿದೀರಾ?” ಎಂದು ಕಾಲೆಳೆದ. ಅಪ್ಪನ ಹಳೆಯ ರೆಕಾರ್ಡುಗಳನ್ನು ಪೇರಿಸಿಟ್ಟು ಗುಂಡಿ ಒತ್ತಿದಾಗ ಒಂದೊಂದೇ ಕೆಳಗೆ ಬಿತ್ತು, ತೋಳು ತಾನಾಗಿ ಬಂದು ಕೂತಿತು. ಹಾಡು ಸ್ವಲ್ಪ ಅವಸರದಲ್ಲಿದ್ದ ಹಾಗೆ ಕಂಡಿತು. ಹಳೆಯ ಕಾಲದವರು ಹೀಗೇ ಚುರುಕಾಗಿ ಹಾಡುತ್ತಿದ್ದರೇನೋ ಎಂದುಕೊಂಡೆ. ದಡ್ಡ ನಾನು.

ಸೆಪ್ಟೆಂಬರ್ ಕೊನೆಯ ಭಾನುವಾರ, ಊಟವಾದ ಮೇಲೆ, ಅಮ್ಮನನ್ನು ಪೆಟ್ಟಿಗೆಯ ಪಕ್ಕ ಕೂರಿಸಿದೆ. ಅವಳು ತಲೆ ಬಾಚಿಸಿಕೊಂಡು, ಓಲೆ ಹಾಕಿಸಿಕೊಂಡು ಕೂತಳು. ಶಾಲು ಬಿಚ್ಚಿ ರೆಕಾರ್ಡು ಹಾಕಿದೆ. ಒಂದಷ್ಟು ಗೊರಗೊರ. ಆಮೇಲೆ ದನಿ ಬಂತು: “ಅಮ್ಮಾ, ನಾನು. ಹೊರಟೆ. ಅಳ್ಬೇಡ. ಬಯ್ಯೋದಿದ್ರೆ ಬಂದ್ಮೇಲೆ ಬಯ್ಯಿ, ಆದ್ರೆ ಮೊದ್ಲು ಊಟ ಹಾಕು. ನನ್ ಹಾಸ್ಗೆ ಯಾರ್ಗೂ ಕೊಡ್ಬೇಡ. ಬರ್ತೀನಿ.” ಅಷ್ಟೇ. ಹೆಸರು ಹೇಳಿಲ್ಲ. ದನಿ ತೆಳ್ಳಗೆ, ಮೇಲಿನ ಸ್ಥಾಯಿಯಲ್ಲಿ, ಮೂಗಿನಿಂದ. ನಾನು ಮೆಲಿತೋನಣ್ಣ ಇಷ್ಟು ಎಳೆಯ ದನಿಯವನಾಗಿದ್ದನೇ ಎಂದು ಬೆರಗಾಗಿ ನಿಂತಿದ್ದೆ. ಅಮ್ಮ ಎರಡೂ ಕೈ ಮುಂದೆ ಚಾಚಿ, “ಕುಕಾ” ಅಂದಳು. “ನನ್ ಕುಕಾ. ಗಂಟ್ಲು ಅದೇ, ಕಟ್ಕೊಂಡ ಮೂಗು ಅದೇ. ಹೋಗ್ವಾಗ ಇಷ್ಟೆಲ್ಲಾ ಹೇಳಿದ್ಲೇನೋ ಇವ್ಳು? ನಂಗ್ಯಾಕೋ ಹೇಳ್ಲಿಲ್ಲ ನೀನು, ಪಾಪಿ!”

ಅಕ್ಕಾ, ಅವು ಅಣ್ಣನ ಮಾತು ಎಂಬುದು ಆ ದನಿಯ ಮುಂದೆ ಅವಳಿಗೆ ಹೊಳೆಯಲೇ ಇಲ್ಲ. ಮೂವತ್ತೈದು ವರ್ಷದ ಮೇಲೆ ಈ ಮನೆಯಲ್ಲಿ ಅಮ್ಮನ ಬಾಯಿಂದ ನಿನ್ನ ಹೆಸರು ಬಂತು, ಅದನ್ನು ತಿದ್ದುವುದೇ? ಆ ಯಂತ್ರದ ಗುಣ ಏನೆಂದರೆ, ನಿಲ್ಲಿಸುವ ತನಕ ಕೊನೆಯ ರೆಕಾರ್ಡನ್ನೇ ಮತ್ತೆ ಮತ್ತೆ ಬಾರಿಸುತ್ತದೆ. ತೋಳು ಏಳುತ್ತದೆ, ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ಅಮ್ಮ ನಿಲ್ಲಿಸಬೇಡ ಅಂದಳು. ಸಂಜೆ ಕಾಫಿಯವರೆಗೆ ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ನಗುತ್ತಿದ್ದಳು, ಬಯ್ಯುತ್ತಿದ್ದಳು, “ಊಟ ಹಾಕ್ಬೇಕಂತೆ ಮಹಾರಾಣಿಗೆ” ಎನ್ನುತ್ತಿದ್ದಳು. ಆ ವಾರವೆಲ್ಲ ಹುರುಳಿ ಸಾರಿಗೆ ಒಂದು ರೊಟ್ಟಿ ಹೆಚ್ಚಿಗೆ ತಿಂದಳು. ನಿನ್ನ ಹಳೆಯ ಪತ್ರಗಳನ್ನೆಲ್ಲ ಮೊದಲಿನಿಂದ ಓದಿಸಿದಳು. ಹೌದು, ಎಲ್ಲವನ್ನೂ. ಪೆಟ್ಟಿಗೆ ತುಂಬ ಇವೆ, ನನ್ನ ಗಂಟಲು ಒಣಗಿತು.

ಎಲಾದಿಯೋ ಬಂದು ಕೇಳಿದವನೇ ನಕ್ಕುಬಿಟ್ಟ. “ಅಯ್ಯೋ ಮೇಷ್ಟ್ರೇ, ನಿಮ್ ಪೆಟ್ಟಿಗೆ ಇನ್ನೂ ಐವತ್ತರಲ್ಲೇ ಇದೆಯಲ್ರೀ!” ಅಂದ. ನೀನು ಒಳಗಿದ್ದವಳು, ನಿನಗೆ ತಿಳಿದಿರಲಾರದು. ಮೊದಲು ಈ ಊರಿನ ಕರೆಂಟು ಸೆಕೆಂಡಿಗೆ ಐವತ್ತು ಸೈಕಲ್ಲಿನದು, ಹತ್ತು ಹದಿನೈದು ವರ್ಷದ ಹಿಂದೆ ದೇಶಕ್ಕೆಲ್ಲ ಒಂದೇ ಇರಲಿ ಎಂದು ಅರವತ್ತು ಮಾಡಿದರು. ಆಗ ಮನೆಮನೆಗೆ ಜನ ಬಂದು ಗಡಿಯಾರ, ರೆಕಾರ್ಡು ಯಂತ್ರಗಳ ಒಳಗೆ ವೇಗ ಹೊಂದಿಸುವ ಉಂಗುರ ಬದಲಿಸಿ ಹೋದರು. ನಮ್ಮದು ಕೆಟ್ಟು ಮೂಲೆ ಸೇರಿತ್ತು, ಯಾರೂ ಮುಟ್ಟಲಿಲ್ಲ. ಐದು ಸುತ್ತು ಸುತ್ತುವ ಹೊತ್ತಿಗೆ ಅದು ಈಗ ಆರು ಸುತ್ತುತ್ತದೆ. ಅದಕ್ಕೇ ಗಂಡಸಿನ ದನಿ ಏರಿ ಹೆಣ್ಣು ದನಿಯಾಗಿದೆ. ಎಲಾದಿಯೋ ತನ್ನ ಬಿಸ್ಕತ್ತಿನ ಡಬ್ಬಿ ತಡಕಿ, ತೆಳ್ಳನೆಯ ಹಿತ್ತಾಳೆ ಉಂಗುರ ಒಂದನ್ನು ನನ್ನ ಅಂಗೈಯಲ್ಲಿಟ್ಟು, “ಹಾಕೋದು ಬಿಡೋದು ನಿಮಗ್ ಬಿಟ್ಟಿದ್ದು. ಆದ್ರೆ ಇದು ಅಂಗಡಿ ರೆಕಾರ್ಡಲ್ಲ, ತಗಡಿನ ಮೇಲೆ ಬಳಿದ ಮೆರುಗೆಣ್ಣೆ. ಪ್ರತಿ ಸಲಾನೂ ಮುಳ್ಳು ಉಳ್ತಾ ಹೋಗತ್ತೆ. ಜಾಸ್ತಿ ದಿನ ಬರಲ್ಲ” ಅಂದ.

ಎರಡು ದಿನ ಆ ಉಂಗುರ ಜೇಬಿನಲ್ಲೇ ಇತ್ತು. ಮೂರನೆಯ ದಿನ ಹಾಕಿದೆ. ಯಾಕೆ ಹಾಕಿದೆ ಎಂದು ಕೇಳು, ಬಯ್ಯಿ. ವಕ್ರ ಹೊಲಿಗೆ ಕಂಡರೆ ಬಿಚ್ಚದೆ ಇರಲಾರದ ಕೈ ಇದು, ಒಂದು ಕಾರಣ. ಇನ್ನೊಂದು, ನನಗೂ ಅಣ್ಣ ಬೇಕಿತ್ತು ಅಕ್ಕಾ. ಅವನು ಹೋದಾಗ ನನಗೆ ಹದಿಮೂರು. ಅವನ ಮುಖ ಫೋಟೋದಿಂದ ಗೊತ್ತು, ದನಿ ಮರೆತಿದ್ದೆ. ಅಮ್ಮ ಹಾಸಿಗೆಯಲ್ಲಿ ಒರಗಿದ್ದಳು, ನಿದ್ದೆ ಹೋಗಿದ್ದಾಳೆ ಎಂದುಕೊಂಡು ರೆಕಾರ್ಡು ಹಾಕಿದೆ. ಬಂತು. ದಪ್ಪ ದನಿ, ಸ್ವಲ್ಪ ಒಡಕು. ಅಳು ನುಂಗಿಕೊಂಡು ಮಾತಾಡಿದ್ದಾನೆ, ಅವಸರದಲ್ಲಿ ಅದು ತಿಳಿದೇ ಇರಲಿಲ್ಲ. ‘ಬರ್ತೀನಿ’ ಎನ್ನುವ ಮುಂಚೆ ಉಸಿರು ಎಳೆದುಕೊಳ್ಳುತ್ತಾನೆ. ನಾನು ಪೆಟ್ಟಿಗೆಗೆ ತಲೆ ಆನಿಸಿ ಮಗುವಿನ ಹಾಗೆ ಅತ್ತೆ.

ಅಮ್ಮ ಎಚ್ಚರವಾಗಿದ್ದಳು. ಪೂರ್ತಿ ಕೇಳಿದ್ದಳು. “ಯಾರೋ ಅದು?” ಅಂದಳು. ನಿನ್ನ ಮೆಲಿತೋನ್ ಅಮ್ಮಾ ಎಂದೆ. ದನಿಯ ಕಡೆ ಕಿವಿ ಹೊರಳಿಸಿದಳು. ಆಮೇಲೆ, “ಅಲ್ಲ ಕಣೋ. ನನ್ ಮಗನ ದನಿ ಹೀಗಿರ್ಲಿಲ್ಲ. ಯಾರೋ ಪಾಪ, ಯಾವ ತಾಯಿ ಮಗನೋ. ಎಷ್ಟು ಭಯ ಬಿದ್ದಿದಾನೆ ನೋಡು. ಸತ್ತಿರ್ಬೇಕು ಇಷ್ಟೊತ್ತಿಗೆ” ಅಂದಳು. ಶಿಲುಬೆಯ ಗುರುತು ಹಾಕಿಕೊಂಡು ಗೋಡೆಯ ಕಡೆ ತಿರುಗಿದಳು. “ಅದನ್ನ ಆರ್ಸು. ಕುಕಾನ ಹಾಕು” ಅಂದಳು.

ಓಡಿಹೋಗಿ ಹಳೆಯ ಉಂಗುರವನ್ನೇ ಮತ್ತೆ ಹಾಕಿದೆ. ಅವಸರಕ್ಕೆ ಎರಡು ಸಲ ಬಿತ್ತು. ರೆಕಾರ್ಡು ತಿರುಗಿತು, ತೋಳು ಕೂತಿತು, ಬರೀ ಉಜ್ಜುವ ಸದ್ದು. ಅಲ್ಲೊಂದು ಇಲ್ಲೊಂದು ಚೂರು, ಯಾರೋ ಗೋಡೆಯಾಚೆ ಗೊಣಗಿದಂತೆ. ಮುಳ್ಳಿನ ತುದಿಯಲ್ಲಿ ಕಪ್ಪು ನೂಲಿನಂಥ ಸಿಪ್ಪೆ ಸುತ್ತಿಕೊಂಡಿತ್ತು. ಮೆಲಿತೋನಣ್ಣ ನಮಗೆ ಬಿಟ್ಟುಹೋದದ್ದು ಅಷ್ಟೇ ಇತ್ತು, ಅದನ್ನೂ ಉಜ್ಜಿ ಕಳೆದೆ. ಅವನ ನಿಜವಾದ ದನಿಯನ್ನು ಕೊನೆಗೆ ಕೇಳಿದವರು ಇಬ್ಬರು, ಅದರಲ್ಲಿ ಒಬ್ಬಳಿಗೆ ಅವನ ಗುರುತು ಸಿಗಲಿಲ್ಲ. ಅಮ್ಮನಿಗೆ ಯಂತ್ರ ಕೆಟ್ಟಿದೆ, ಎಲಾದಿಯೋ ಒಯ್ದಿದ್ದಾನೆ ಎಂದು ಸುಳ್ಳು ಹೇಳಿದ್ದೇನೆ. ದಿನಾ ಬೆಳಿಗ್ಗೆ, “ಕುಕಾ ರಿಪೇರಿ ಆದ್ಲೇನೋ?” ಎನ್ನುತ್ತಾಳೆ. ರೊಟ್ಟಿ ಮತ್ತೆ ಅರ್ಧಕ್ಕೆ ಇಳಿದಿದೆ.

ನನ್ನ ಮೇಲೆ ಕೋಪ ಬಂದರೆ ಇಟ್ಟುಕೊ, ಬೇಡವೆನ್ನುವುದಿಲ್ಲ. ಈ ವರ್ಷ ಪೀಠದ ಮೇಲೆ ಅಣ್ಣನ ಫೋಟೋ ಇಡೋಣವೆಂದಿದ್ದೇನೆ, ನೀನೂ ಅವನ ಹೆಸರಿನಲ್ಲಿ ಒಂದು ದೀಪ ಹಚ್ಚು. ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಮದರ್ ಅವರಿಗೂ, ಅಡುಗೆಮನೆಯ ಆ ಕಿವುಡು ಸಿಸ್ಟರಿಗೂ ನನ್ನ ನಮಸ್ಕಾರ ತಿಳಿಸು. ನಮ್ಮಿಬ್ಬರಿಗೂ ಒಂದಿಷ್ಟು ಪ್ರಾರ್ಥನೆ ಮಾಡು, ನನಗೆ ಸ್ವಲ್ಪ ಹೆಚ್ಚಾಗಿ.

ನಿನ್ನ ಪಾಪಿ ತಮ್ಮ,
ನಬೋರ್

ಮರೆತಿದ್ದೆ: ಲಕೋಟೆಯಲ್ಲಿ ಒಂದು ಖಾಲಿ ಕ್ಯಾಸೆಟ್ಟು ಇದೆ. ಮಠದಲ್ಲಿ ಭಜನೆ ಕಲಿಸುವ ಟೇಪ್ ಯಂತ್ರ ಉಂಟೆಂದು ನೀನೇ ಬರೆದಿದ್ದೆ. ಮದರ್, ಅವಳಿಗೆ ಐದು ನಿಮಿಷ ಕೊಡಿ, ಕೈ ಮುಗಿಯುತ್ತೇನೆ. ಅಮ್ಮ ಹೆಚ್ಚೆಂದರೆ ಸತ್ತವರ ಹಬ್ಬದವರೆಗೆ ಎಂದು ಡಾಕ್ಟರು ಹೇಳಿದ್ದಾರೆ, ಇನ್ನು ಎರಡೇ ವಾರ. ಅಕ್ಕಾ, ಅಮ್ಮನಿಗೆಂದು ಅದರಲ್ಲಿ ಅಣ್ಣನ ಮಾತು ಹೇಳಬೇಡ, ನಿನ್ನದೇ ಹೇಳಿ ಕಳಿಸು. ಏನಾದರೂ ಹೇಳು, ಪಾಕ ಮಾಡುವುದು ಹೇಗೆಂದಾದರೂ ಹೇಳು, ಜಗಳವಾಡಿದರೂ ಸರಿ. ‘ಬರ್ತೀನಿ’ ಅಂತ ಮಾತ್ರ ಅನ್ನಬೇಡ. ಆ ಮಾತು ನಂಬಿ ಅವಳು ಮೂವತ್ತೇಳು ವರ್ಷ ಕೂತಿದ್ದಾಳೆ. ಬರುವ ಹಾಗಿದ್ದರೆ, ಬಂದುಬಿಡು.