ಹದಿನೈದನೇ ಹುಟ್ಟುಹಬ್ಬದ ಉಡುಗೊರೆ

ಮರಕೈಬೊ, ಆಗಸ್ಟ್ 14, ಗುರುವಾರ

ಎಡ ಎದೆಯ ಉರಿ ಇವತ್ತೂ ಹೋಗಿಲ್ಲ. ಒಳಗಿನ ಸಿಲಿಕೋನ್ ಚೀಲ ಒಡೆದು ಕಂಕುಳಿನವರೆಗೂ ಸೋರಿ ಗಂಟು ಕಟ್ಟಿದೆಯಂತೆ, ತೆಗೆಸಲೇಬೇಕಂತೆ. ನನ್ನ ಹದಿನೈದನೇ ಹುಟ್ಟುಹಬ್ಬಕ್ಕೆ, ಎದೆ ದೊಡ್ಡದಾಗಿ ಕಾಣಲೆಂದು ಅಮ್ಮ ಹಾಕಿಸಿಕೊಟ್ಟದ್ದು.

ಡಾಕ್ಟರ ಹತ್ತಿರದಿಂದ ಮನೆಗೆ ಬಂದರೆ ಅಮ್ಮ ಅರೆಪಾ ರೊಟ್ಟಿ ತಟ್ಟುತ್ತಾ ನನ್ನ ಮಗಳಿಗೆ ಹೇಳುತ್ತಿದ್ದಳು: "ನಿಂಗೂ ಹದಿನೈದು ತುಂಬ್ತಾ ಬಂತು ಕಣೇ ಯುಲೈಮಾ. ನಿಮ್ಮಮ್ಮಂಗೆ ಹಾಕಿಸ್ದಂಗೇ ನಿಂಗೂ ಹಾಕಿಸ್ತೀನಿ."

"ಅಮ್ಮಂದಕ್ಕಿಂತ ದೊಡ್ಡದು ಬೇಕಜ್ಜಿ!"

ಇಬ್ಬರೂ ನಕ್ಕರು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಹೆಮ್ಮೆಯಿಂದ ನನ್ನತ್ತ ಕೈ ತೋರಿಸಿದಳು. "ನೋಡು ಇವಳನ್ನ. ನನ್ ಕೈಲಾದ ಒಂದೇ ಒಂದು ದೊಡ್ಡ ಕೆಲ್ಸ!"

ಯುಲೈಮಾ ಓಡಿಹೋಗಿ ಅಜ್ಜಿಯನ್ನು ತಬ್ಬಿಕೊಂಡಳು. ಅವತ್ತು ನಾನೂ ಅಮ್ಮನನ್ನು ಹೀಗೇ ತಬ್ಬಿಕೊಂಡಿದ್ದೆ. ಡಾಕ್ಟರ ಚೀಟಿಯನ್ನು ಮಡಚಿ ಪರ್ಸಿನೊಳಗಿಟ್ಟೆ.

ನಾಳೆ ಯುಲೈಮಾಳ ಕೈ ಹಿಡಿದು ನನ್ನ ಕಂಕುಳಿನ ಗಂಟಿನ ಮೇಲೆ ಇಡುತ್ತೇನೆ. ಅಮ್ಮನ ಎದುರಿಗೆ ಮಾತ್ರ ಬೇಡ...