ಟವೆಲ್ಲಿನ ಕೆಳಗಿನ ಬೆಲೆ

ಬೇಮಳಖೇಡ

ಸರ್ವೆಗೆ ಬಂದಿದ್ದ ರೂಪಾಲಿ ಮೇಡಂ ಅವರಿಗೆ ಶರಣು.

ನಮ್ಮ ಎಮ್ಮೆಗರುವಿನ ಹೊಟ್ಟೆಯ ಹುಳಕ್ಕೆ ಔಷಧಿ ಬಂದರೆ ಎಷ್ಟು ಕೊಡುತ್ತೀರಿ ಎಂದು ಕೇಳಿ, ನನ್ನ ತಲೆಗೇ ಹುಳ ಬಿಟ್ಟು ಹೋದಿರಿ. ಔಷಧಿ ತೋರಿಸದೆ ಬೆಲೆ ಕೇಳಿದಿರಿ, ಅದೂ ಕಟ್ಟೆಯ ಮೇಲೆ, ಎಲ್ಲರೆದುರು. ಪಕ್ಕದ ಮನೆಯ ಮುಜಾಫರ್ "ಫುಕಟ್ ಕೊಟ್ರ ನೋಡೋಣ್ರಿ" ಅಂದ. ನಾನೂ ಹಾಗೇ ಅಂದೆ. ನಿಜವಾದ ಬೆಲೆ ಹೇಳಿದರೆ ಅದನ್ನೇ ದರ ಮಾಡುತ್ತೀರೆಂಬ ಗುಮಾನಿ ನನಗೆ. ಈಗ ನೋಡಿದರೆ, ಈ ಊರಿಗೆ ಔಷಧಿ ಬೇಡವಂತೆ ಎಂದು ನೀವು ಬರೆದುಕೊಂಡಿರುವ ಸುದ್ದಿ ಬಂದಿದೆ.

ಮೇಡಂ, ಹುಮನಾಬಾದಿನ ದನದ ಸಂತೆಯಲ್ಲಿ ನಿಜವಾದ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ, ಹೆಚ್ಚು ಬೆರಳು ಹಿಡಿದರೆ ಹೆಚ್ಚು ಬೆಲೆ. ಆದ್ದರಿಂದ ಇನ್ನೊಮ್ಮೆ ಬನ್ನಿ, ಮನೆಯೊಳಗೆ ಬಂದು ಕೇಳಿ. ನಿಮ್ಮ ಕೈ ನಾನು ಹಿಡಿದರೆ ನನ್ನ ಕೈಹಿಡಿದ ಸಂಗಮ್ಮ ಸುಮ್ಮನಿರುವುದಿಲ್ಲ, ಅದಕ್ಕೆ ಅವಳೇ ಹಿಡಿಯುತ್ತಾಳೆ. "ಐದೂ ಬೆರಳು ಹಿಡೀತೀನಿ, ಮಂದಿಗಿ ಹೇಳಬ್ಯಾಡ್ರಿ ಅನ್ರಿ" ಅಂದಿದ್ದಾಳೆ. ಮುಜಾಫರನೂ ನಿಮ್ಮ ವಿಳಾಸ ಕೇಳಿದ. ಯಾಕೆಂದು ಹೇಳಲಿಲ್ಲ, ನಾನೂ ಕೊಡಲಿಲ್ಲ.

ಬರುವಾಗ ಔಷಧಿಯನ್ನೂ ತನ್ನಿ. ನಿನ್ನೆಯಿಂದ ಕರು ಎದ್ದಿಲ್ಲ. ಟವೆಲ್ ನಮ್ಮಲ್ಲಿದೆ.

ನಿಮ್ಮನ್ನು ಸದ್ಯಕ್ಕೆ ಅರ್ಧ ನಂಬಿರುವ,
ಗುರುಶಾಂತ