ಹೊಗೆಗೆ ತಂದ ಕಾಯಿ

ಬ್ಯಾಡಗಿ, ಭಾನುವಾರ

ಶೈಲಶ್ರೀಗೆ ಆಶೀರ್ವಾದ.

ಹಾವೇರಿಯೊಳಗ ನಿನ್ನ ಪುಸ್ತಕದ ಬಿಡುಗಡೆಗೆ ಬಂದು ಹಿಂದ ಕುಂತಿದ್ದೆ. ‘ಅಜ್ಜಿ ಕಥಿಯೊಳಗ ಮಲತಾಯಿನ್ನ ಎಲ್ಲಾರೂ ಬೈತಾರ, ಅಪ್ಪನ್ನ ಯಾರೂ ಏನೂ ಕೇಳಂಗಿಲ್ಲ’ ಅಂದಿ. ಖರೇ ಮಾತು, ಚಪ್ಪಾಳಿ ಹೊಡದೆ. ಆಮ್ಯಾಲ ಪುಸ್ತಕ ತಗದು ನೋಡಿದರ, ‘ನನ್ನ ಕಣ್ಣೀರು ಒರೆಸಿದ ಅಪ್ಪನಿಗೆ’ ಅಂತ ಅರ್ಪಣಿ!

ಸಣ್ಣಾಕಿದ್ದಾಗ ನಿನಗ ಮೆಣಸಿನಕಾಯಿ ಹೊಗಿ ಹಾಕತಿದ್ದಾಕಿ ನಾನೇ, ಇಲ್ಲ ಅನ್ನಂಗಿಲ್ಲ. ಆದರ ಕಾಯಿ ತಂದುಕೊಡತಿದ್ದವರು ನಿಮ್ಮಪ್ಪ. ‘ನಮ್ಮ ಬ್ಯಾಡಗಿ ಕಾಯಿ ಬರೇ ಬಣ್ಣ, ಇದರಿಂದ ಬುದ್ಧಿ ಬರಂಗಿಲ್ಲ’ ಅಂತ ಅಂಗಡಿಯಿಂದ ಖಾರದ ಗುಂಟೂರು ಕಾಯಿ ಆರಿಸಿ ತರತಿದ್ದರು. ಹೊಗಿ ಆರಿದ ಮ್ಯಾಲ ನಿನ್ನ ಕಣ್ಣು ಒರಸಾಕ ಒದ್ದಿ ಅರಿವಿ ಹಿಡಕೊಂಡು ಬರತಿದ್ದರು.

ಅರ್ಪಣಿ ತಗೀಬ್ಯಾಡ. ಅವರಿಗೆ ಈಗ ಕಣ್ಣು ಕಾಣಂಗಿಲ್ಲ. ಆ ಒಂದು ಸಾಲು ದಿನಾ ನನ್ನ ಕಡಿಂದ ಓದಿಸಿ ನಗತಾರ.

ನಿನ್ನ ಕಥಿಯ ಮಲತಾಯಿ,
ಗದಿಗೆವ್ವ